ಕೆ. ಜಿ. ಸೋವರ್ಬಿ ಎಂಬ ‘ಗಂಡಸು’

ಪತ್ರ: ಇಪ್ಪತ್ತನೆಯ ಶತಮಾನದ ಆರಂಭದ ಲಂಡನ್ ರಂಗಭೂಮಿಯನ್ನು ಕುರಿತ ನಿಮ್ಮ ಲೇಖನದಲ್ಲಿ ಷಾ ಇದ್ದಾರೆ, ಗಾಲ್ಸ್‌ವರ್ದಿ ಇದ್ದಾರೆ. ಹೆಂಗಸರು ಆಗ ನಾಟಕವನ್ನೇ ಬರೆಯಲಿಲ್ಲವೇ? ನಮ್ಮ ಹವ್ಯಾಸಿ ತಂಡದಲ್ಲಿ ಈ ಪ್ರಶ್ನೆ ಎದ್ದಿದೆ.
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ಬರೆದಿದ್ದಾರೆ, ಬಿಟ್ಟವರು ನಾವು. ತಪ್ಪು ಒಪ್ಪಿಕೊಂಡು ಒಬ್ಬರ ಬಗ್ಗೆಯಾದರೂ ಹೇಳುತ್ತೇನೆ.

ಗೀಥಾ ಸೋವರ್ಬಿ. ನಮ್ಮ ಕಿವಿಗೆ ಪಕ್ಕದ ಮನೆಯವರಂತೆ ಕೇಳಿಸುವ ಈ ಹೆಸರಿನಾಕೆ ಹುಟ್ಟಿದ್ದು 1876ರಲ್ಲಿ, ಉತ್ತರ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ. ತಲೆಮಾರುಗಳಿಂದ ಗಾಜಿನ ಕಾರ್ಖಾನೆ ನಡೆಸುತ್ತಿದ್ದ ಮನೆತನ. ತಂಗಿ ಮಿಲಿಸೆಂಟ್ ಬಿಡಿಸಿದ ಚಿತ್ರಗಳೊಂದಿಗೆ ಮಕ್ಕಳ ಪುಸ್ತಕ ಬರೆದುಕೊಂಡಿದ್ದಾಕೆ 1912ರ ಜನವರಿ 31ರಂದು ರಾಯಲ್ ಕೋರ್ಟ್ ರಂಗಮಂದಿರದಲ್ಲಿ ‘ರುದರ್‌ಫರ್ಡ್ ಅಂಡ್ ಸನ್’ ನಾಟಕದೊಂದಿಗೆ ಕಾಣಿಸಿಕೊಂಡರು. ಕೃತಿಕಾರರ ಹೆಸರು ಕೆ. ಜಿ. ಸೋವರ್ಬಿ ಎಂದಷ್ಟೇ ಇತ್ತು. ಬರೆದವನು ಗಂಡಸೆಂದೇ ಹಲವರು ತಿಳಿದರು. ಮಧ್ಯಾಹ್ನದ ಕೆಲವೇ ಪ್ರದರ್ಶನಗಳಿಗೆಂದು ಬಂದ ನಾಟಕ ದೊಡ್ಡ ರಂಗಮಂದಿರಕ್ಕೆ ಹೋಯಿತು, ಅದೇ ವರ್ಷ ನ್ಯೂಯಾರ್ಕನ್ನೂ ಮುಟ್ಟಿತು.

ನಾಟಕದಲ್ಲಿ ಗಾಜಿನ ಕಾರ್ಖಾನೆಯ ಯಜಮಾನ ರುದರ್‌ಫರ್ಡ್ ಮನೆಗೆ ಬರುತ್ತಾನೆ. ಮೂವತ್ತು ದಾಟಿದ ಮಗಳು ಜಾನೆಟ್ ಮಂಡಿಯೂರಿ ಅವನ ಬೂಟು ಬಿಚ್ಚುತ್ತಾಳೆ. ಅದೊಂದು ನೋಟದಲ್ಲಿ ಮನೆಯ ಸಂವಿಧಾನವೇ ಇದೆ. ಮಗ ಜಾನ್ ಕಂಡುಹಿಡಿದ, ಗಾಜು ತಯಾರಿಸುವ ಸೂತ್ರವನ್ನು ರುದರ್‌ಫರ್ಡ್ ನಿಷ್ಠಾವಂತ ಮೇಸ್ತ್ರಿ ಮಾರ್ಟಿನ್‌ನ ಬಾಯಿಂದ ಹೊರಡಿಸುತ್ತಾನೆ. ಮಾರ್ಟಿನ್ ಜೊತೆಗಿನ ಸಂಬಂಧಕ್ಕಾಗಿ ಜಾನೆಟ್‌ಳನ್ನು ಮನೆಯಿಂದಾಚೆ ಹಾಕುತ್ತಾನೆ. ಕೊನೆಗೆ ಮಕ್ಕಳು ಮೂವರೂ ಮನೆ ಬಿಟ್ಟಿರುತ್ತಾರೆ. ಆಗ ಎದುರು ಕೂರುವವಳು ಸೊಸೆ ಮೇರಿ. ಅಳುವುದಿಲ್ಲ, ವ್ಯಾಪಾರ ಕುದುರಿಸುತ್ತಾಳೆ: ಹತ್ತು ವರ್ಷ ನನಗೂ ಮಗುವಿಗೂ ಅನ್ನ, ಸೂರು ಕೊಡು, ಅಲ್ಲಿಯವರೆಗೆ ಮಗುವಿನ ವಿಷಯಕ್ಕೆ ಬರಬೇಡ, ಆಮೇಲೆ ಅವನು ನಿನ್ನವನು. ಮುದುಕ ಒಪ್ಪುತ್ತಾನೆ. ಗೆದ್ದವರು ಯಾರು? ಮುಷ್ಕರದ ನಾಟಕ ‘ಸ್ಟ್ರೈಫ್’ನಲ್ಲಿ ಮಾಲೀಕರನ್ನೂ ಕಾರ್ಮಿಕರನ್ನೂ ಸಮನಾಗಿ ತೂಗುವ ಗಾಲ್ಸ್‌ವರ್ದಿಗಿಂತ, ತಕ್ಕಡಿಯನ್ನೇ ಅನುಮಾನಿಸುವ ಈ ದೃಶ್ಯ ನನಗೆ ಹೆಚ್ಚು.

ಆಮೇಲಿನ ನಾಟಕಗಳಿಗೆ ಆ ಯಶಸ್ಸು ಸಿಗಲಿಲ್ಲ. ಹೆಣ್ಣಿನ ಆಸ್ತಿ ಗಂಡನ ಕೈಯಲ್ಲಿ ಕರಗುವ ಕಥೆಯ ‘ದಿ ಸ್ಟೆಪ್‌ಮದರ್’ (1924) ಮಾತ್ರ ಇಂದಿಗೂ ಓದಬೇಕಾದದ್ದು. ತನ್ನ ಬದುಕಿನ ಬಗ್ಗೆ ಯಾರಿಗೆ ಆಸಕ್ತಿ ಎಂದುಕೊಂಡ ಸೋವರ್ಬಿ ಕೊನೆಗಾಲದಲ್ಲಿ ಕಾಗದಪತ್ರಗಳನ್ನು ನಾಶಮಾಡಿ 1970ರಲ್ಲಿ ತೀರಿಕೊಂಡರು. ಲಂಡನ್ನಿನ ನ್ಯಾಷನಲ್ ಥಿಯೇಟರ್ 1994ರಲ್ಲಿ ‘ರುದರ್‌ಫರ್ಡ್’ ಆಡಿತು.

ನಿಮ್ಮದು ಹವ್ಯಾಸಿ ತಂಡ ಎಂದಿರಿ. ಎಂಟು ಪಾತ್ರ, ಮೂರು ಅಂಕ, ಒಂದೇ ಕೋಣೆ. ಬೂಟು ಬಿಚ್ಚುವ ದೃಶ್ಯವನ್ನು ಮಾತ್ರ ಅವಸರದಲ್ಲಿ ಮುಗಿಸಬೇಡಿ.