ಬಸ್ಸಲ್ಲೋ ರೈಲಲ್ಲೋ ಬೇರೆಯವರ ಪರ್ಸು, ಫೋನು ಸಿಕ್ಕರೆ ಫೋಟೊ ಹೊಡೆದು ಗ್ರೂಪಿಗೆ ಹಾಕಬಹುದೇ?

ನೀವು ಕೇಳಿದ್ದು ಇಷ್ಟು: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರಾತ್ರಿ ಬಸ್ಸಿನಲ್ಲಿ, ಸೀಟಿನ ಸಂದಿಯಲ್ಲಿ ಯಾರದೋ ಪರ್ಸ್ ಸಿಕ್ಕಿದೆ. ಒಳಗೆ ಆಧಾರ್, ಎಟಿಎಂ ಕಾರ್ಡ್, ಸ್ವಲ್ಪ ದುಡ್ಡು ಇದೆ. ಆಧಾರ್ ಫೋಟೊ ಹೊಡೆದು ನಾಲ್ಕೈದು ಗ್ರೂಪಿಗೆ ಬಿಟ್ಟರೆ ಬೇಗ ತಲುಪುತ್ತದಲ್ಲವೇ? ಮುಂದೆ ಎಂದಾದರೂ ಫೋನ್ ಸಿಕ್ಕರೆ ಏನು ಮಾಡಬೇಕು? ಇಂಥದ್ದನ್ನು ಎತ್ತಿಟ್ಟುಕೊಂಡರೆ ಕಾನೂನಿನ ತೊಂದರೆ ಏನಾದರೂ ಇದೆಯೇ?

ಆಧಾರ್ ಫೋಟೊ ಎಲ್ಲಿಗೂ ಬಿಡಬೇಡಿ. ಗ್ರೂಪಿಗೆ ಹಾಕುವುದೇ ಆದರೆ ಅದು ಕಟ್ಟಕಡೆಯ ಕೆಲಸ.

ಆ ಕಾರ್ಡಿನಲ್ಲಿ ಮುಖ, ಹೆಸರು, ಹುಟ್ಟಿದ ದಿನ, ವಿಳಾಸ, ಹನ್ನೆರಡು ಅಂಕಿ ಎಲ್ಲ ಒಂದೇ ಕಡೆ ಇರುತ್ತದೆ. ಅದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ ಎಂದು ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ಹೇಳುತ್ತಲೇ ಬಂದಿದೆ. ಅಷ್ಟು ಎಲ್ಲರಿಗೂ ಗೊತ್ತು. ಗಮನಕ್ಕೆ ಬಾರದ ತೊಂದರೆ ಬೇರೆಯದು: ಪರ್ಸಿನ ಬಣ್ಣ, ಒಳಗಿನ ಕಾರ್ಡು, ನೋಟು ಎಲ್ಲವನ್ನೂ ನೀವೇ ತೋರಿಸಿಬಿಟ್ಟ ಮೇಲೆ "ಅದು ನಂದೇ, ನಮ್ಮಣ್ಣಂದೇ" ಎಂದು ಫೋನ್ ಮಾಡುವವರನ್ನು ಪರೀಕ್ಷಿಸಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೇಲಾಗಿ ಆ ಮೆಸೇಜನ್ನು ವಾಪಸ್ ತೆಗೆಯಲೂ ಆಗದು. ವಾಟ್ಸಾಪಿನಲ್ಲಿ ಎಲ್ಲರಿಗೂ ಕಾಣದಂತೆ ಅಳಿಸಲು ಸುಮಾರು ಎರಡು ದಿನ ಅವಕಾಶವಿದೆ. ಆದರೆ ಅಳಿಯುವುದು ನೀವು ಕಳಿಸಿದ ಪ್ರತಿ ಮಾತ್ರ, ಬೇರೆಯವರು ಫಾರ್ವರ್ಡ್ ಮಾಡಿದ್ದು ಊರೂರು ಸುತ್ತುತ್ತಲೇ ಇರುತ್ತದೆ. "ಪರ್ಸ್ ಸಿಕ್ಕಿದೆ, ವಾರಸುದಾರರಿಗೆ ತಲುಪುವವರೆಗೂ ಶೇರ್ ಮಾಡಿ" ಎಂಬ ಮೆಸೇಜುಗಳಲ್ಲಿ ತಾರೀಖು ಇರುವುದೇ ಅಪರೂಪ. ಹಾಗಾಗಿ ವಸ್ತು ಮನೆ ಸೇರಿ ವರ್ಷವಾದರೂ ಕೆಳಗೆ ಕೊಟ್ಟ ನಂಬರಿಗೆ ಕರೆ ನಿಲ್ಲುವುದಿಲ್ಲ.

ಹಾಗಾದರೆ ಮೊದಲು ಏನು ಮಾಡಬೇಕು? ಕಳೆದುಕೊಂಡವರು ಎಲ್ಲಿಗೆ ಹುಡುಕಿಕೊಂಡು ಬರುತ್ತಾರೋ ವಸ್ತು ಅಲ್ಲಿರಬೇಕು. ಬಸ್ಸಿನಲ್ಲಿ ಬಿಟ್ಟವರು ಬಸ್ ಸ್ಟ್ಯಾಂಡಿಗೋ ಡಿಪೋಗೋ ಓಡುತ್ತಾರೆ, ನಿಮ್ಮ ಫೇಸ್‌ಬುಕ್ ಗೋಡೆಗಲ್ಲ.

ಬಸ್ಸಿನ ವಿಷಯದಲ್ಲಿ ಒಂದು ಗೊಂದಲ ಸದಾ ಆಗುತ್ತದೆ. ಸರ್ಕಾರಿ ಬಸ್ಸಿಗೆಲ್ಲ ನಾವು ಕೆಎಸ್‌ಆರ್‌ಟಿಸಿ ಅನ್ನುತ್ತೇವೆ. ಆದರೆ ನಿಗಮಗಳು ನಾಲ್ಕು: ಕೆಎಸ್‌ಆರ್‌ಟಿಸಿ, ಬೆಂಗಳೂರಿನ ಬಿಎಂಟಿಸಿ, ಹುಬ್ಬಳ್ಳಿ ಕೇಂದ್ರದ ವಾಯವ್ಯ ಸಾರಿಗೆ, ಕಲಬುರಗಿ ಕೇಂದ್ರದ ಕಲ್ಯಾಣ ಕರ್ನಾಟಕ ಸಾರಿಗೆ. ನೀವು ಬಂದ ಬಸ್ಸು ವಾಯವ್ಯದ್ದಾಗಿದ್ದರೆ ಕೆಎಸ್‌ಆರ್‌ಟಿಸಿಗೆ ಎಷ್ಟು ಫೋನ್ ಮಾಡಿದರೂ ವಸ್ತುವಿನ ಸುಳಿವು ಸಿಗುವುದಿಲ್ಲ. ಬಸ್ಸಿನ ಪಕ್ಕದಲ್ಲಿ ಬರೆದಿರುವ ನಿಗಮದ ಹೆಸರು, ನಂಬರ್ ಪ್ಲೇಟ್, ಯಾವ ಘಟಕದ್ದು ಎಂಬುದನ್ನು ಇಳಿಯುವ ಮೊದಲು ಒಂದು ಫೋಟೊ ಹೊಡೆದುಕೊಳ್ಳಿ. ನಿಮ್ಮ ಟಿಕೆಟನ್ನೂ ಎಸೆಯಬೇಡಿ. ಮಷಿನ್ನಿನಿಂದ ಬಂದ ಆ ಚೀಟಿಯ ತಾರೀಖು, ಸಮಯ, ಮಾರ್ಗದ ವಿವರ ಇದ್ದರೆ ಅದು ಯಾವ ಬಸ್ಸು, ಯಾವ ಟ್ರಿಪ್ಪು ಎಂದು ಡಿಪೋದವರು ಕಂಡುಹಿಡಿಯುತ್ತಾರೆ.

ಪರ್ಸ್ ಸಿಕ್ಕಿದ ಕೂಡಲೇ ಕಂಡಕ್ಟರನ್ನು ಕರೆದು ಅವರ ಎದುರಿಗೇ ತೆರೆಯಿರಿ, ದುಡ್ಡು ಎಣಿಸಿ. ಆಮೇಲೆ "ಅಷ್ಟಿತ್ತು, ಇಷ್ಟಿತ್ತು" ಎಂಬ ಮಾತು ಬಂದರೆ ಇದೊಂದೇ ನಿಮ್ಮನ್ನು ಕಾಯುವುದು. ಒಳಗಿದ್ದುದರ ಫೋಟೊ ನಿಮ್ಮ ಫೋನಿನಲ್ಲಿ ಮಾತ್ರ ಇರಲಿ, ವಸ್ತು ತಲುಪಿದ ಮೇಲೆ ಅಳಿಸಿ. ಕಂಡಕ್ಟರಿಗೇ ಕೊಡುವುದಾದರೆ ಅವರ ಹೆಸರು, ಟೋಕನ್ ನಂಬರ್ ಬರೆದುಕೊಳ್ಳಿ. ಬಸ್ಸು ಕೊನೆಯ ನಿಲ್ದಾಣ ತಲುಪಿದ್ದರೆ ಅಲ್ಲಿನ ಸಂಚಾರ ನಿಯಂತ್ರಕರ ಕೊಠಡಿಗೆ, ಅಂದರೆ ಜನ ಕಂಟ್ರೋಲರ್ ಆಫೀಸ್ ಎನ್ನುವಲ್ಲಿಗೆ ಕೊಟ್ಟು ಒಂದು ಚೀಟಿಯಲ್ಲಿ ಸಹಿ ಕೇಳಿ. ಕೇಳಿದರೆ ಅವರು ತಪ್ಪು ತಿಳಿಯುವುದಿಲ್ಲ, ತಿಳಿದರೂ ಕೇಳಿ. ದೂರದ ಬಸ್ಸುಗಳು ಬೆಳಿಗ್ಗೆ ಬಂದು ಮತ್ತೆ ಹೊರಟುಬಿಡುವುದರಿಂದ ವಸ್ತು ಬೆಂಗಳೂರಿನಲ್ಲೇ ಉಳಿಯಿತೋ ಮೂಲ ಡಿಪೋಗೆ ಹೋಯಿತೋ ಎಂಬುದನ್ನು ಆ ಚೀಟಿಯಲ್ಲೇ ಬರೆಸಿದರೆ ಒಳ್ಳೆಯದು. ಅಂದಹಾಗೆ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರು ಗುರುತಿನ ಚೀಟಿಯನ್ನು ಕೈಯಲ್ಲೇ ಹಿಡಿದು ಹತ್ತುತ್ತಾರೆ. ಬರೀ ಆಧಾರ್ ಕಾರ್ಡೊಂದೇ ಸೀಟಿನ ಮೇಲೆ ಬಿದ್ದಿದ್ದರೂ ಇದೇ ಕ್ರಮ.

ರೈಲಿನಲ್ಲಿ ಕೆಲಸ ಇನ್ನೂ ಸಲೀಸು, ಏಕೆಂದರೆ ಅಲ್ಲಿ ಬರ್ತ್ ನಂಬರ್ ಇದೆ. ರಿಸರ್ವೇಶನ್ ಕೋಚಾದರೆ ಆ ಬರ್ತಿನಲ್ಲಿ ಯಾರಿದ್ದರು ಎಂಬುದು ಚಾರ್ಟಿನಲ್ಲಿ ಇರುತ್ತದೆ. ನೀವು ಹೇಳಬೇಕಾದದ್ದು ರೈಲಿನ ನಂಬರ್, ಕೋಚ್, ಬರ್ತ್, ಸಿಕ್ಕ ಸಮಯ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಇಷ್ಟು ಹೇಳಿದರೆ ಮುಂದಿನ ನಿಲ್ದಾಣದ ರೈಲ್ವೆ ರಕ್ಷಣಾ ಪಡೆಗೆ (ಆರ್‌ಪಿಎಫ್) ವಿಷಯ ಹೋಗುತ್ತದೆ. ಬಿಟ್ಟುಹೋದ ಸಾಮಾನು ಹಿಂದಿರುಗಿಸಲು ಆರ್‌ಪಿಎಫ್‌ನವರು 'ಆಪರೇಷನ್ ಅಮಾನತ್' ಎಂಬ ಹೆಸರಿನಲ್ಲೇ ಕೆಲಸ ಮಾಡುತ್ತಾರೆ. ಟಿಟಿಇಗೂ ಕೊಡಬಹುದು. ಮಾಡಬಾರದ್ದು ಒಂದೇ: "ನಮ್ಮೂರಿಗೆ ಹೋಗಿ ಆರಾಮಾಗಿ ನೋಡೋಣ" ಎಂದು ಅರಸೀಕೆರೆಯಲ್ಲೋ ಬೀರೂರಿನಲ್ಲೋ ವಸ್ತುವಿನ ಸಮೇತ ಇಳಿದುಬಿಡುವುದು. ಅಷ್ಟರಲ್ಲಿ ಕಳೆದುಕೊಂಡವರು ದೂರು ಕೊಟ್ಟಿರುತ್ತಾರೆ, ಪೊಲೀಸರು ಮುಂದಿನ ಸ್ಟೇಶನ್ನಿನಲ್ಲಿ ಅದೇ ಕೋಚ್ ಹತ್ತಿ ಹುಡುಕುತ್ತಾರೆ, ವಸ್ತು ಇರುವುದಿಲ್ಲ. ಅಲ್ಲಿಗೆ ಅದು ಕಳ್ಳತನದ ದೂರಾಗುತ್ತದೆ. ಇನ್ನೊಂದು, ಪರ್ಸ್, ಫೋನ್ ಬೇರೆ. ಬಾಯಿ ಮುಚ್ಚಿದ, ಯಾರದೆಂದು ಗೊತ್ತಿಲ್ಲದ ದೊಡ್ಡ ಬ್ಯಾಗು ಬೇರೆ. ಅದನ್ನು ಮುಟ್ಟದೆ, ತೆರೆಯದೆ 139 ಅಥವಾ 112ಕ್ಕೆ ತಿಳಿಸಿ.

ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿ ಟ್ರೇಯಲ್ಲಿ ಉಳಿದದ್ದನ್ನು ಅಲ್ಲೇ ಇರುವ ಸಿಐಎಸ್‌ಎಫ್ ಸಿಬ್ಬಂದಿಗೆ, ವಿಮಾನದೊಳಗೆ ಸಿಕ್ಕಿದ್ದನ್ನು ಏರ್‌ಲೈನ್‌ನವರಿಗೆ ಕೊಡಿ. ಮೆಟ್ರೊದಲ್ಲಾದರೆ ಸ್ಟೇಶನ್ನಿನ ಕಸ್ಟಮರ್ ಕೇರ್ ಕೌಂಟರ್. ಪಾಸ್‌ಪೋರ್ಟ್ ಸಿಕ್ಕರೆ ಪೊಲೀಸ್ ಠಾಣೆಗೋ ಪಾಸ್‌ಪೋರ್ಟ್ ಕಚೇರಿಗೋ ಕೊಟ್ಟುಬಿಡಿ, ಕಾನೂನಿನ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು.

ಈಗ ಫೋನು. ಒಳ್ಳೆಯ ಮನಸ್ಸಿನವರೂ ಹೆಚ್ಚು ಎಡವುವುದು ಇಲ್ಲಿ.

ಅದನ್ನು ಆಫ್ ಮಾಡಬೇಡಿ, ಏರೋಪ್ಲೇನ್ ಮೋಡಿಗೂ ಹಾಕಬೇಡಿ. ಮಾಡಿದರೆ ಮಾಲೀಕರ ಕರೆಯೂ ಬರುವುದಿಲ್ಲ, ಅವರು ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಜಾಗ ಹುಡುಕಲೂ ಕಷ್ಟ. ಬ್ಯಾಟರಿ ಕಡಿಮೆಯಿದ್ದರೆ ಚಾರ್ಜಿಗೆ ಹಾಕಿ. ಲಾಕ್ ಆಗಿದ್ದರೂ ಬರುವ ಕರೆಯನ್ನು ಎತ್ತಬಹುದು. ಹೆಚ್ಚಿನ ಸಲ ಕರೆ ಬರುವುದು ಮನೆಯವರಿಂದ. ಗುರುತಿಲ್ಲದ ದನಿ ಕೇಳಿದೊಡನೆ ಅವರಿಗೆ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಮೊದಲ ಮಾತು ಹೀಗಿರಲಿ: "ಗಾಬರಿ ಆಗ್ಬೇಡಿ ಅಮ್ಮಾ, ಫೋನ್ ಬಸ್ಸಲ್ಲಿ ಮರೆತು ಹೋಗಿದ್ದಾರೆ, ನನ್ನ ಕೈಗೆ ಸಿಕ್ಕಿದೆ ಅಷ್ಟೇ." ಆಮೇಲೆ ಉಳಿದದ್ದು.

ಕರೆ ಬರದಿದ್ದರೆ ಲಾಕ್ ಸ್ಕ್ರೀನಿನ ತುರ್ತು ಕರೆ ಎಂಬಲ್ಲಿ ಒತ್ತಿ ನೋಡಿ. ಆ್ಯಂಡ್ರಾಯ್ಡಿನಲ್ಲಿ ತುರ್ತು ಮಾಹಿತಿ, ಐಫೋನಿನಲ್ಲಿ ಮೆಡಿಕಲ್ ಐಡಿ ತುಂಬಿಸಿಟ್ಟಿದ್ದರೆ ಮನೆಯವರ ನಂಬರ್ ಅಲ್ಲೇ ಸಿಗುತ್ತದೆ. (ಇದನ್ನು ಓದುತ್ತಿರುವವರು ನಿಮ್ಮ ಫೋನಿನಲ್ಲೂ ಈಗಲೇ ತುಂಬಿಸಿಕೊಳ್ಳಿ, ಎರಡು ನಿಮಿಷದ ಕೆಲಸ.) ಪಿನ್ ಊಹಿಸಿ ಒತ್ತುತ್ತಾ ಕೂರಬೇಡಿ. ತಪ್ಪು ಹೆಚ್ಚಾದಂತೆ ಕಾಯುವ ಹೊತ್ತೂ ಹೆಚ್ಚುತ್ತದೆ, ಕೆಲವರು ಐಫೋನಿನಲ್ಲಿ ಹತ್ತು ತಪ್ಪಿಗೆ ಎಲ್ಲ ಅಳಿಸಿಹೋಗುವಂತೆ ಇಟ್ಟಿರುತ್ತಾರೆ.

ಸಿಮ್ ತೆಗೆದು ನಿಮ್ಮ ಫೋನಿಗೆ ಹಾಕಿ ನಂಬರ್ ನೋಡುವ ಉಪಾಯ ಬಹಳ ಜನ ಹೇಳುತ್ತಾರೆ. ಬೇಡ. ಅವರ ಬ್ಯಾಂಕಿನ ಓಟಿಪಿಗಳೆಲ್ಲ ನಿಮ್ಮ ಫೋನಿಗೆ ಬರತೊಡಗುತ್ತವೆ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಉತ್ತರ ಹೇಳಬೇಕಾದವರು ನೀವು. ಅದಕ್ಕೆ ತದ್ವಿರುದ್ಧ, ನಿಮ್ಮ ಸಿಮ್ಮನ್ನು ಆ ಫೋನಿಗೆ ಹಾಕುವುದು ಇನ್ನೂ ಕೆಟ್ಟದ್ದು. 2023ರ ಮೇ ತಿಂಗಳಿಂದ ದೇಶಕ್ಕೆಲ್ಲ ಸಂಚಾರ ಸಾಥಿ ಜಾಲತಾಣದ ಮೂಲಕ, ಕಳೆದ ಫೋನನ್ನು ಬ್ಲಾಕ್ ಮಾಡಿಸುವ ಸಿಇಐಆರ್ ವ್ಯವಸ್ಥೆ ಇದೆ. ಕಳೆದುಕೊಂಡವರು ಪೊಲೀಸ್ ದೂರಿನ ಪ್ರತಿ ಕೊಟ್ಟು ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬ್ಲಾಕ್ ಮಾಡಿಸಿದ್ದರೆ, ಆ ಫೋನಿಗೆ ಯಾರು ಯಾವ ಸಿಮ್ ಹಾಕಿದರೂ ಅದರ ಸುಳಿವು ಪೊಲೀಸರಿಗೆ ಸಿಗುತ್ತದೆ. ಉಪಕಾರ ಮಾಡಲು ಹೋದವರ ಮನೆಗೇ ಠಾಣೆಯಿಂದ ಫೋನ್ ಬರುತ್ತದೆ.

"ನಾನೇ ಮಾಲೀಕ, ಆ ಫೋನಿಗೆ ಈಗೊಂದು ಓಟಿಪಿ ಬಂದಿರುತ್ತೆ, ಸ್ವಲ್ಪ ಓದಿ ಹೇಳಿ ಸಾರ್" ಎಂದು ಯಾರೇ ಕೇಳಲಿ, ಓದಬೇಡಿ. ನಿಜವಾದ ಮಾಲೀಕರೂ ಗಾಬರಿಯಲ್ಲಿ ಕೇಳಬಹುದು, ಖಾತೆಗೆ ಕನ್ನ ಹಾಕುವವರೂ ಕೇಳಬಹುದು, ದನಿಯಿಂದ ಗೊತ್ತಾಗುವುದಿಲ್ಲ. ಫೋನ್ ಒಪ್ಪಿಸುವಾಗ ಪರೀಕ್ಷೆ ಸುಲಭ: ನಿಮ್ಮೆದುರಿಗೆ ಅವರೇ ಬೆರಳಿಟ್ಟೋ ಪಿನ್ ಒತ್ತಿಯೋ ತೆರೆಯಬೇಕು. ಬಿಲ್ಲು, ಡಬ್ಬ ಯಾವುದೂ ಬೇಡ. ಭೇಟಿ ಬಸ್ ಸ್ಟ್ಯಾಂಡಿನ ಚೌಕಿಯಂಥ ಜನ ಇರುವ ಜಾಗದಲ್ಲಾಗಲಿ, ಮನೆಯ ಲೊಕೇಶನ್ ಕಳಿಸಬೇಡಿ.

ನಿಮ್ಮ ಪರ್ಸಿಗೆ ಮರಳೋಣ. ಕಂಟ್ರೋಲರ್ ಆಫೀಸು ದೂರ, ಬಸ್ಸು ಹೊರಟುಹೋಗಿದೆ, ವಸ್ತು ಕೈಯಲ್ಲೇ ಉಳಿದಿದೆ ಎಂದಿಟ್ಟುಕೊಳ್ಳಿ. ಒಳಗೆ ಕಾಲೇಜಿನದೋ ಕಂಪನಿಯದೋ ಐಡಿ ಕಾರ್ಡಿದ್ದರೆ ಅದನ್ನೇ ಮೊದಲು ನೋಡಿ, ಹಿಂಬದಿಯಲ್ಲಿ ಸಾಮಾನ್ಯವಾಗಿ ಆಫೀಸಿನ ನಂಬರ್ ಇರುತ್ತದೆ. ಎಟಿಎಂ ಕಾರ್ಡಿನ ಹಿಂದಿರುವ ಬ್ಯಾಂಕಿನ ನಂಬರಿಗೆ ಮಾಡಿ ಕಾರ್ಡ್ ಸಿಕ್ಕಿದೆ ಎನ್ನಿ. ಅವರು ಗಿರಾಕಿಯ ನಂಬರ್ ನಿಮಗೆ ಕೊಡುವುದಿಲ್ಲ, ಕೊಡಲೂಬಾರದು. ನಿಮ್ಮ ನಂಬರನ್ನು ಅವರಿಗೆ ತಲುಪಿಸಿ ಎಂದು ಕೇಳಿ. ಎಷ್ಟೋ ಸಲ ದಾರಿ ತೋರಿಸುವುದು ಮಡಚಿಟ್ಟ ಒಂದು ಚೀಟಿ. ಡಾಕ್ಟರ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು, ಟೈಲರ್ ರಸೀದಿ, ಇವುಗಳಲ್ಲಿ ಅಂಗಡಿಯ ನಂಬರ್ ಅಚ್ಚಾಗಿರುತ್ತದೆ, ಗಿರಾಕಿಯ ಹೆಸರು ಬರೆದಿರುತ್ತದೆ, ಅಂಗಡಿಯವರ ಹತ್ತಿರ ಫೋನ್ ನಂಬರ್ ಇರುತ್ತದೆ. ಆಧಾರಿನ ವಿಳಾಸಕ್ಕೆ ಪೋಸ್ಟ್ ಮಾಡುವುದು ಕೊನೆಗೆ, ಏಕೆಂದರೆ ಬಹಳ ಜನರ ವಿಳಾಸ ಹಳೆಯ ಬಾಡಿಗೆ ಮನೆಯದ್ದೇ ಉಳಿದಿರುತ್ತದೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ, ಆದ್ದರಿಂದ ಸ್ಪೀಡ್ ಪೋಸ್ಟನ್ನೇ ಕೇಳಿ. ಕಳಿಸುವವರ ವಿಳಾಸ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ತಲುಪದ ಲಕೋಟೆ ನಿಮಗೂ ವಾಪಸ್ ಬರುವುದಿಲ್ಲ. ನೋಟನ್ನು ಲಕೋಟೆಯಲ್ಲಿ ಇಡಬೇಡಿ. ಅವರು ಸಿಕ್ಕ ಮೇಲೆ ಯುಪಿಐನಲ್ಲಿ ಹಾಕಿದರಾಯಿತು.

ಹೆಸರು ಹಿಡಿದು ಫೇಸ್‌ಬುಕ್ಕಿನಲ್ಲಿ ಹುಡುಕುವುದು ತಪ್ಪಲ್ಲ. ಆದರೆ ಅಪರಿಚಿತರ ಮೆಸೇಜು ನೇರ ಇನ್‌ಬಾಕ್ಸಿಗೆ ಹೋಗದೆ 'ಮೆಸೇಜ್ ರಿಕ್ವೆಸ್ಟ್' ಎಂಬ ಮೂಲೆಗೆ ಬೀಳುತ್ತದೆ, ಇನ್‌ಸ್ಟಾಗ್ರಾಮಿನಲ್ಲೂ ಹಾಗೆಯೇ. ಅದನ್ನು ತೆರೆದು ನೋಡುವವರು ಕಡಿಮೆ. ಪ್ರೊಫೈಲ್ ಅವರದೇ ಎಂದು ಮುಖ ನೋಡಿ ಖಾತ್ರಿಯಾದರೆ ಅವರ ಪೋಸ್ಟಿನ ಕೆಳಗೆ "ನಿಮಗೊಂದು ಮೆಸೇಜ್ ಕಳಿಸಿದ್ದೇನೆ, ರಿಕ್ವೆಸ್ಟ್ ನೋಡಿ" ಎಂದಷ್ಟೇ ಬರೆಯಿರಿ.

ಇದ್ಯಾವುದೂ ಫಲಿಸದಿದ್ದಾಗ ಗ್ರೂಪು. ಹೀಗೆ ಬರೆಯಬಹುದು:

"12-11-2025ರ ರಾತ್ರಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದ ಸರ್ಕಾರಿ ಬಸ್ಸಿನಲ್ಲಿ ಒಂದು ಪರ್ಸ್ ಸಿಕ್ಕಿದೆ. ಕಳೆದುಕೊಂಡವರು ಅದರ ಬಣ್ಣ, ಒಳಗಿದ್ದ ಎರಡು ವಸ್ತು, ಬಸ್ ಹತ್ತಿದ ಜಾಗ ಹೇಳಿ ನನಗೆ ನೇರವಾಗಿ ಮೆಸೇಜ್ ಮಾಡಿ. ತಲುಪಿದ ಮೇಲೆ ಇಲ್ಲೇ ತಿಳಿಸುತ್ತೇನೆ."

ಫೋಟೊ ಇಲ್ಲ, ಹೆಸರಿಲ್ಲ, ಮೊತ್ತವಿಲ್ಲ. ವರ್ಷವೂ ಸೇರಿ ತಾರೀಖು ಇದೆ. ವಿವರ ಹೇಳಬೇಕಾದವರು ಅವರು, ನೀವಲ್ಲ. ವಾಟ್ಸಾಪಿಗಿಂತ ಫೇಸ್‌ಬುಕ್ಕಿನ ಊರಿನ ಪುಟದಲ್ಲಿ ಹಾಕಿ ಅದರ ಲಿಂಕನ್ನು ಗ್ರೂಪಿಗೆ ಕೊಡುವುದು ನನಗೆ ಸರಿ ಕಾಣುತ್ತದೆ. ತಲುಪಿದ ದಿನ ಮೂಲ ಪೋಸ್ಟನ್ನೇ ತಿದ್ದಿ ಮೊದಲ ಸಾಲಿನಲ್ಲಿ "ತಲುಪಿದೆ" ಎಂದು ಬರೆದರೆ ಲಿಂಕ್ ಎಲ್ಲಿ ಸುತ್ತುತ್ತಿದ್ದರೂ ಓದಿದವರಿಗೆ ತಿಳಿಯುತ್ತದೆ.

ವಸ್ತು ಕಳೆದುಕೊಂಡವರು ಇದನ್ನು ಓದುತ್ತಿದ್ದರೆ: ಎಕ್ಸ್‌ನಲ್ಲಿ ರೈಲ್ವೆ ಸೇವಾ ಖಾತೆಗೆ ಬರೆಯುವಾಗ ಪಿಎನ್‌ಆರ್, ಫೋನ್ ನಂಬರ್ ಎರಡನ್ನೂ ಖಾಸಗಿ ಮೆಸೇಜಿನಲ್ಲಿ (ಡಿಎಂ) ಮಾತ್ರ ಕೊಡಿ. ಬಹಿರಂಗವಾಗಿ ಹಾಕಿದರೆ ಕಸ್ಟಮರ್ ಕೇರ್ ವೇಷದ ವಂಚಕರು ಮೊದಲು ಕರೆ ಮಾಡುತ್ತಾರೆ. "ನಿಮ್ಮ ಬ್ಯಾಗ್ ಸಿಕ್ಕಿದೆ, ಕೊರಿಯರ್ ಖರ್ಚಿಗೆ 500 ರೂಪಾಯಿ ಹಾಕಿ" ಎನ್ನುವವರಿಗೆ ಬ್ಯಾಗಿನ ಒಳಗಿನ ಯಾವುದಾದರೂ ವಸ್ತುವಿನ ಫೋಟೊ ಕೇಳಿ. ಮೋಸಗಾರರಾದರೆ ಅಲ್ಲಿಗೇ ಮಾತು ನಿಲ್ಲುತ್ತದೆ.

ಕಾನೂನಿನ ಭಯವನ್ನೂ ಕೇಳಿದ್ದೀರಿ. ಮಾಲೀಕರಿಗೆ ಮುಟ್ಟಿಸಲೆಂದು ಸಿಕ್ಕ ವಸ್ತುವನ್ನು ಎತ್ತಿಟ್ಟುಕೊಳ್ಳುವುದು ಅಪರಾಧವಲ್ಲ. ಯಾರದೆಂದು ಗೊತ್ತಿದ್ದೂ, ಅಥವಾ ಹುಡುಕುವ ದಾರಿ ಇದ್ದೂ ಹುಡುಕದೆ, ಸ್ವಂತಕ್ಕೆ ಬಳಸಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ, ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ, ಜೊತೆಗೆ ದಂಡ. 1872ರ ಕರಾರು ಕಾಯ್ದೆಯ 71ನೇ ಕಲಂ ಪ್ರಕಾರ ಕೈಯಲ್ಲಿ ಇರುವಷ್ಟು ದಿನ ಅದನ್ನು ಜೋಪಾನ ಮಾಡುವ ಹೊಣೆ ನಿಮ್ಮದು. ಹುಡುಕಿ ಕೊಟ್ಟ ಶ್ರಮಕ್ಕೆ, ಖರ್ಚಿಗೆ ಎಂದು ಕೋರ್ಟಿಗೆ ಹೋಗಿ ಹಣ ಕೇಳಲಾಗದು. ಆದರೆ ಮಾಲೀಕರು ಇಷ್ಟು ಬಹುಮಾನ ಕೊಡುತ್ತೇವೆ ಎಂದು ಮೊದಲೇ ಪ್ರಕಟಿಸಿದ್ದರೆ ಅದನ್ನು ಕೇಳುವ ಹಕ್ಕು ಅದೇ ಕರಾರು ಕಾಯ್ದೆಯ 168ನೇ ಕಲಮಿನಲ್ಲಿದೆ. ಸ್ಪೀಡ್ ಪೋಸ್ಟಿಗೆ ಹಾಕಿದ ದುಡ್ಡನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೇನೂ ಬೇಡ, ರಸೀದಿಯ ಫೋಟೊ ಕಳಿಸಿ.