ತಗಡು ಮಾಡಿನ ಗ್ಯಾರೇಜಿಗೆ ಎಂಥ ಹೀಟರ್?

ಪ್ರಶ್ನೆ: ನಮ್ಮ ಗ್ಯಾರೇಜು ಮನೆಯಿಂದ 20 ಮೀಟರ್ ದೂರದಲ್ಲಿ ಒಂಟಿಯಾಗಿದೆ. ಉದ್ದ 6 ಮೀಟರ್, ಅಗಲ 3.5, ಎತ್ತರ 2.5. ಗೋಡೆ 9 ಇಂಚಿನ ಇಟ್ಟಿಗೆಯದು, ಮೇಲೆ ತಗಡು, ಮುಂದೆ ರೋಲಿಂಗ್ ಶಟರ್. ಚಳಿಗಾಲದ ಸಂಜೆ ಒಂದೆರಡು ಗಂಟೆ ಮರಗೆಲಸ ಮಾಡುತ್ತೇನೆ. 2000 ವ್ಯಾಟ್‌ನ ಫ್ಯಾನ್ ಹೀಟರ್ ಹಾಕಿದರೂ ಚಳಿ ಬಿಡುತ್ತಿಲ್ಲ. ಇನ್ನೂ ದೊಡ್ಡದು ತರಬೇಕೇ?

ಉತ್ತರ: ಹೀಟರಿನ ತಪ್ಪೇನಿಲ್ಲ, ಶಾಖ ಒಳಗೆ ನಿಲ್ಲುತ್ತಿಲ್ಲ ಅಷ್ಟೆ. ನಿಮ್ಮ ಅಳತೆಗೆ ಲೆಕ್ಕ ಹಾಕಿದರೆ, ಹೊರಗಿಗಿಂತ ಒಳಗೆ 1 ಡಿಗ್ರಿ ಹೆಚ್ಚಿರಬೇಕೆಂದರೆ ತಗಡಿನಿಂದ ಸುಮಾರು 125 ವ್ಯಾಟ್ ಸೋರುತ್ತದೆ. ಗೋಡೆಯಿಂದ 85, ಶಟರಿನಿಂದ 33, ಸಂದಿಗಾಳಿಯಿಂದ 35. ಒಟ್ಟು 280ರ ಆಸುಪಾಸು. ಹಾಗಾಗಿ 2000 ವ್ಯಾಟ್‌ಗೆ ಏರುವುದು 7 ಡಿಗ್ರಿ ಮಾತ್ರ, ಅದೂ ಗೋಡೆ ಕಾದ ಮೇಲೆ. ಮಾಡಿನ ಒಳಬದಿಗೆ 50 ಮಿ.ಮೀ. ಥರ್ಮೋಕೋಲ್ ಹಾಸಿ ಸಂದಿ ಮುಚ್ಚಿದರೆ ಇದೇ ಹೀಟರಿಗೆ 12 ಡಿಗ್ರಿ ಏರುತ್ತದೆ. ಥರ್ಮೋಕೋಲ್ ಬೇಗ ಹೊತ್ತಿಕೊಳ್ಳುವ ವಸ್ತು. ಮೇಲೆ ಜಿಪ್ಸಮ್ ಬೋರ್ಡ್ ಹೊದಿಸದೆ ಬಿಡಬೇಡಿ.

ಅಷ್ಟು ಕೆಲಸ ಬೇಡವೆಂದರೆ ಇನ್‌ಫ್ರಾರೆಡ್ ಹೀಟರ್ ತನ್ನಿ. ಅದು ಗಾಳಿಯನ್ನು ಕಾಯಿಸುವ ಗೋಜಿಗೆ ಹೋಗದೆ ಎದುರಿಗಿರುವ ಮೈಗೆ ನೇರವಾಗಿ ಬಿಸಿ ತಾಗಿಸುತ್ತದೆ, ಹಾಕಿದ ಒಂದೆರಡು ನಿಮಿಷಕ್ಕೇ. ಕೆಲಸದ ಮೇಜಿನ ಮೇಲ್ಗಡೆ ಗೋಡೆಗೆ 2 ಮೀಟರ್ ಎತ್ತರದಲ್ಲಿ ಬಿಗಿದು ನಿಮ್ಮತ್ತ ಬಾಗಿಸಿ. ಮರದ ಚಕ್ಕೆ, ಬಟ್ಟೆ ಅದರಿಂದ 1 ಮೀಟರ್ ದೂರವಿರಲಿ. ಫ್ಯಾನ್ ಹೀಟರ್ ಮರದ ಹೊಟ್ಟನ್ನು ಒಳಗೆಳೆದು ಕಾಯಿಲ್ ಮೇಲೆ ಸುಡುತ್ತದೆ. ಆ ಕಮಟು ವಾಸನೆ ಈಗಾಗಲೇ ನಿಮ್ಮ ಮೂಗಿಗೆ ಬಡಿದಿರಬೇಕು. ಒಂದು ಕೊರತೆಯುಂಟು: ಇನ್‌ಫ್ರಾರೆಡ್ ಬಿಸಿ ತಾಗದ ಮೂಲೆಯಲ್ಲಿಟ್ಟ ಮರ ತಣ್ಣಗೇ ಉಳಿಯುವುದರಿಂದ ಅಲ್ಲಿ ಅಂಟು ಸರಿಯಾಗಿ ಕಚ್ಚುವುದಿಲ್ಲ. ಅಂಟಿಸುವುದನ್ನು ಮನೆಯೊಳಗೇ ಮಾಡಿ.

ವೈರಿಂಗ್ ವಿಷಯ ನೀವು ಬರೆದಿಲ್ಲ, ನನಗೆ ಹೆಚ್ಚು ಭಯ ಅದರದ್ದೇ. 230 ವೋಲ್ಟ್‌ನಲ್ಲಿ 2000 ವ್ಯಾಟ್ ಎಂದರೆ 8.7 ಆಂಪಿಯರ್. 0.75 ಚದರ ಮಿ.ಮೀ.ಯ ತೆಳು ಎಕ್ಸ್‌ಟೆನ್ಷನ್ ವೈರನ್ನು 20 ಮೀಟರ್ ಎಳೆದರೆ ವೈರೇ 70 ವ್ಯಾಟ್‌ಗಿಂತ ಹೆಚ್ಚು ನುಂಗಿ ಬಿಸಿಯಾಗುತ್ತದೆ. ಉಳಿದದ್ದನ್ನು ಸುರುಳಿ ಸುತ್ತಿಟ್ಟಿದ್ದರೆ ಆ ಬಿಸಿ ಹೊರಹೋಗದೆ ಪ್ಲಾಸ್ಟಿಕ್ ಕರಗುತ್ತದೆ. 2.5 ಚದರ ಮಿ.ಮೀ. ತಾಮ್ರದ ಕೇಬಲ್‌ನಲ್ಲಿ ಅರ್ಥಿಂಗ್ ಸಮೇತ ಪ್ರತ್ಯೇಕ ಲೈನ್ ಎಳೆಸಿ.

ಪ್ರಶ್ನೆ: ಕರೆಂಟ್ ಖರ್ಚು ಉಳಿಸಲು ಚಿಮಣಿಯಿಲ್ಲದ ಗ್ಯಾಸ್ ಹೀಟರ್ ಇಡಬಹುದೇ? ಒಳಗೆ ಬೈಕೂ ನಿಲ್ಲುತ್ತದೆ.

ಉತ್ತರ: ಬೇಡ. 1 ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಅದು ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ತೊಟ್ಟಿಕ್ಕುತ್ತದೆ, ಉಳಿ ಗರಗಸಗಳಿಗೆ ತುಕ್ಕು ಹಿಡಿಸುತ್ತದೆ. ಶಟರ್ ಮುಚ್ಚಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬುವ ಅಪಾಯ ಬೇರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದೇ ಹರಿಯುತ್ತದೆ. ಬೈಕ್ ನಿಲ್ಲುವ ಕಡೆ ವಿದ್ಯುತ್ ಹೀಟರನ್ನೂ ನೆಲದಿಂದ ಕನಿಷ್ಠ 45 ಸೆಂ.ಮೀ. ಮೇಲೆಯೇ ಇಡಬೇಕು.