ವೈದ್ಯಕೀಯ ಕಾರಣವಿಲ್ಲದೆ ಸಿಸೇರಿಯನ್ ಮಾಡಿಸಿಕೊಳ್ಳಬಹುದೇ?

ಚೊಚ್ಚಲ ಹೆರಿಗೆಗೆಂದು ದಾವಣಗೆರೆಯ ತವರಿಗೆ ಬಂದಿರುವ ತಾವು, ನೋವಿನ ಭಯದಿಂದಲೂ ಹಿರಿಯರು ಪಂಚಾಂಗ ನೋಡಿ ಗೊತ್ತುಮಾಡಿದ ಮುಹೂರ್ತಕ್ಕಾಗಿಯೂ ಸಿಸೇರಿಯನ್ ಮಾಡಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಮಾಡಿಸಿಕೊಳ್ಳಬಹುದು, ಆದರೆ 39 ವಾರ ತುಂಬುವ ಮೊದಲು ಬೇಡ. ಹೆರಿಗೆ ನೋವು ಆರಂಭವಾದಾಗ ಉಂಟಾಗುವ ಹಾರ್ಮೋನುಗಳ ಬದಲಾವಣೆಯಿಂದ ಮಗುವಿನ ಶ್ವಾಸಕೋಶದಲ್ಲಿರುವ ದ್ರವ ಇಂಗತೊಡಗುತ್ತದೆಯಾದ್ದರಿಂದ, ನೋವು ಬರುವ ಮುನ್ನವೇ, ಅದರಲ್ಲೂ 37–38ನೇ ವಾರದಲ್ಲಿ ಹೊರತೆಗೆದ ಕೂಸು ಏದುಸಿರು ಬಿಡುತ್ತಾ ನವಜಾತ ಶಿಶುಗಳ ತೀವ್ರ ನಿಗಾ ಘಟಕ ಸೇರುವ ಸಂಭವ ಹೆಚ್ಚು. ಮುಹೂರ್ತಕ್ಕಾಗಿ ಮಗುವನ್ನು ಈ ಅಪಾಯಕ್ಕೆ ಒಡ್ಡುವುದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೂ ಮಕ್ಕಳು ಬೇಕೆಂದಿದ್ದರೆ ಮತ್ತಷ್ಟು ಯೋಚಿಸಬೇಕು. ಸಿಸೇರಿಯನ್‌ನಿಂದ ಗರ್ಭಕೋಶದಲ್ಲಿ ಉಳಿದ ಹಳೆಯ ಗಾಯದ ಕಲೆಯ ಮೇಲೆ ಮುಂದಿನ ಬಸಿರಿನ ಮಾಸು ಆಳವಾಗಿ ಬೇರೂರಿದರೆ ವಿಪರೀತ ರಕ್ತಸ್ರಾವವಾಗಿ, ಕೆಲವೊಮ್ಮೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಪ್ರತಿ ಸಿಸೇರಿಯನ್‌ನೊಂದಿಗೆ ಈ ಸಂಭವ ಏರುತ್ತದೆ.

ಭಯವೇ ಮುಖ್ಯ ಕಾರಣವಾಗಿದ್ದರೆ, ತಾವು ತೋರಿಸುತ್ತಿರುವ ಆಸ್ಪತ್ರೆಯಲ್ಲಿ ಎಪಿಡ್ಯೂರಲ್ (ಬೆನ್ನಿನ ಮೂಲಕ ಔಷಧಿ ಕೊಟ್ಟು ಹೆರಿಗೆ ನೋವು ತಗ್ಗಿಸುವ) ಸೌಲಭ್ಯವಿದೆಯೇ, ರಾತ್ರಿಯೂ ಅರಿವಳಿಕೆ ತಜ್ಞರು ಸಿಗುತ್ತಾರೆಯೇ, ಹೆರಿಗೆ ಕೋಣೆಯಲ್ಲಿ ತಮ್ಮ ತಾಯಿ ಜೊತೆಗಿರಬಹುದೇ ಎಂದು ಈಗಲೇ ವಿಚಾರಿಸಿ. ಇಷ್ಟೆಲ್ಲ ತಿಳಿದ ಮೇಲೂ ಸಿಸೇರಿಯನ್ನೇ ಬೇಕೆನಿಸಿದರೆ ನಿರ್ಧಾರ ತಮ್ಮದೇ. ಅದಕ್ಕಾಗಿ ಯಾರೂ ತಮ್ಮನ್ನು ಹೀಯಾಳಿಸಬಾರದು.